ಅವರೆ ಚಪ್ಪರದ ಕೆಳಗಿನ ಹಕ್ಕರಕಿ

ಸುಲ್ತಾನಾ ಟೀಚರ್ ನಿವೃತ್ತರಾದ ವರ್ಷ, ಇಂಡಿ ಊರಿನ ತಮ್ಮ ಮನೆಯ ಹಿಂದೆ ಬಿದ್ದಿದ್ದ ಇಟ್ಟಿಗೆ ಚೂರುಗಳನ್ನೆಲ್ಲ ತಾವೇ ಹೊರಗೆ ಹಾಕಿ ಮಣ್ಣು ಹದ ಮಾಡಿದರು. ಬೋರಿನ ನೀರು ಉಪ್ಪು. ಆದರೂ ಎರಡು ವರ್ಷದೊಳಗೆ ಅಲ್ಲಿ ಬದನೆ, ಹೀರೆ, ಮೆಂತ್ಯೆ ಬಂದವು, ಒಂದು ನಿಂಬೆ ಗಿಡ ಕಾಯಿ ಬಿಟ್ಟಿತು. ನೋಡಿದವರು ಬೀಜ ಕೇಳಿದರು, ಸಸಿ ಕೇಳಿದರು, ಕೊನೆಗೆ ಬುದ್ಧಿ ಕೇಳತೊಡಗಿದರು. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಟೀಚರ್ ಫೋನಿನಲ್ಲಿ ‘ನಮ್ಮ ಹಿತ್ತಲ’ ಎಂದು ಒಂದು ಗ್ರೂಪ್ ಮಾಡಿದರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೇರಿ ಅರವತ್ತೆಂಟು ಹೆಂಗಸರಿದ್ದರು. ಬರೆಯುವುದಕ್ಕಿಂತ ಮಾತಾಡಿ ಕಳಿಸುವುದೇ ಹೆಚ್ಚು. ಬಾಗೇವಾಡಿಯವರೊಬ್ಬರು ಮನೆ ಮುಂದೆ ಹುಲ್ಲಿನ ಲಾನ್ ಹಾಕಿಸಿ, ಅದು ಹಳದಿಯಾಯಿತೆಂದು ಫೋಟೊ ಕಳಿಸಿದರು. ಮುದ್ದೇಬಿಹಾಳದ ರಾಮವ್ವ, “ಹುಲ್ಲಿಗೆ ದಿನಾ ನೀರು ಹಾಕ್ತೀರೇನ್ರಿ? ನಮ್ಮ ಎಮ್ಮಿ ಕೇಳಿದ್ರ ನಗ್ತೈತಿ” ಎಂದಳು. ಎಲ್ಲರೂ ನಕ್ಕರು. ಆದರೆ ನಕ್ಕ ಮೇಲೆ ಟೀಚರ್ ಏನು ಹೇಳುತ್ತಾರೆಂದು ಕಾಯುತ್ತಿದ್ದರು. ಹಾಗೆ ಕಾಯುವುದು ಸುಲ್ತಾನಾ ಅವರಿಗೆ ಹಿತವಾಗಿತ್ತು. ಸಾಲೆ ಬಿಟ್ಟ ಮೇಲೆ ತಮ್ಮ ಮಾತಿಗೆ ಕಿವಿಗೊಡುವವರು ಮತ್ತೆ ಸಿಕ್ಕಿದ್ದರು.

ಗ್ರೂಪಿನಲ್ಲಿ ಅವರಿಗೆ ಹೆಚ್ಚು ಹತ್ತಿರವಾದವಳು ಸಿಂದಗಿಯ ಶೈಲಶ್ರೀ. ಮದುವೆಯಾಗಿ ಮೂರು ವರ್ಷ, ಗಂಡ ಅನೀಲಕುಮಾರ, ಅತ್ತೆ ಶಂಕ್ರೆವ್ವ. ಅತ್ತೆ–ಸೊಸೆಗೆ ಆಗಾಗ ಕಟಿಪಿಟಿ ನಡೆಯುತ್ತಿತ್ತು. ಅಂಥ ದಿನ ಶೈಲಶ್ರೀ ಹಿತ್ತಲಲ್ಲಿ ಕುಳಿತು ಟೀಚರಿಗೆ ಫೋನ್ ಮಾಡಿ ಬರೀ ಗಿಡದ ಮಾತಾಡುತ್ತಿದ್ದಳು.

ಚಳಿಗಾಲದ ಒಂದು ಸಂಜೆ ಅವಳು ಟೀಚರೊಬ್ಬರಿಗೇ ಮಾತಾಡಿ ಕಳಿಸಿದಳು, “ಟೀಚರ್ರ, ಅವರಿ ಬಳ್ಳಿಗೆ ಕರೀ ಹೇನು ಮುತ್ತ್ಯಾವ್ರಿ. ಬೂದಿ ಹಾಕಿ ನೋಡಿದೆ, ಹೋಗವಲ್ಲವು.”

ಸುಲ್ತಾನಾ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಬೆರಳಲ್ಲೇ ಫೋನ್ ಒತ್ತಿ, “ತಂಬಾಕು ಕುದಿಸಿ ಸೋಸಿ ಹೊಡಿವಾ. ಒಂದ ವಾರ ಅವರಿಕಾಯಿ ಹರೀಬ್ಯಾಡ” ಎಂದು ಮಾತಾಡಿ ಕಳಿಸಿದರು. ಬಳ್ಳಿಯ ಕೆಳಗೆ ಏನಿದೆ ಎಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಶೈಲಶ್ರೀ ಬಳ್ಳಿಗೆಲ್ಲ ಹೊಡೆದಳು. ಚಪ್ಪರದ ನೆರಳಲ್ಲಿ ಶಂಕ್ರೆವ್ವ ತನ್ನ ಕೈಯಾರೆ ಹಕ್ಕರಕಿ ಬಿತ್ತಿದ್ದಳು. ಜೋಳದ ರೊಟ್ಟಿಗೆ ಹಸಿಯಾಗಿ ನಂಜಿಕೊಳ್ಳುವ ಸೊಪ್ಪು ಅದು. ಮೇಲಿಂದ ನೀರು ತೊಟ್ಟಿಕ್ಕಿ ಅದರ ಮೇಲೆಯೇ ಬಿದ್ದಿತ್ತು. ಹತ್ತು ಗಂಟೆಗೆ ಮುದುಕಿ ಎರಡು ಹಿಡಿ ಕಿತ್ತು, ಸೆರಗಿನಲ್ಲಿ ಒರೆಸಿ, ರೊಟ್ಟಿಯ ಜೊತೆ ತಿಂದಳು.

ಸುಲ್ತಾನಾ ಅವರಿಗೆ ಫೋನ್ ಬಂದದ್ದು ಹನ್ನೊಂದಕ್ಕೆ. ಶೈಲಶ್ರೀ ದವಾಖಾನೆಯ ಹೊರಗೆ ನಿಂತು ಮಾತಾಡುತ್ತಿದ್ದಳು.

“ಟೀಚರ್ರ, ಅತ್ತಿಯವರು ಬಳ್ಳಿ ಕೆಳಗಿನ ಹಕ್ಕರಕಿ ತಿಂದು ಒಂದೇ ಸವನ ವಾಂತಿ ಮಾಡಾಕತ್ತಾರ್ರಿ. ಬಾಯಾಗ ಜೊಲ್ಲು, ಕೈಕಾಲು ನಡಗತಾವು. ಬಸ್ ಸ್ಟ್ಯಾಂಡ್ ಹತ್ರ ದವಾಖಾನಿಗೆ ಹಾಕೇವಿ. ಡಾಕ್ಟರು ಏನ್ ತಿಂದಾರ ಅಂತ ಕೇಳಾಕತ್ತಾರ.”

“ತಂಬಾಕಿನ ನೀರು ಅಂತ ಹೇಳಿದಿಲ್ಲೊ?”

“ಇಲ್ರಿ.” ಅವಳು ದನಿ ತಗ್ಗಿಸಿದಳು. “ಮೊನ್ನೆ ಜಗಳಾಡೇವಿ, ಓಣಿ ಮಂದಿ ಎಲ್ಲಾ ಕೇಳ್ಯಾರ. ಈಗ ಹೇಳಿದ್ರ ಸೊಸಿ ವಿಷಾ ಹಾಕಿದ್ಲು ಅಂತಾರ್ರಿ.”

“ಡಾಕ್ಟರ ಕೈಯಾಗ ಫೋನ್ ಕೊಡು. ನಾ ಹೇಳ್ತೇನಿ.”

ಫೋನ್ ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ‘ಡಾಕ್ಟರಿಗೆ ಇದನ್ನು ತೋರಿಸು’ ಎಂದು ಬರೆದು ಕಳಿಸಿದರು. ಓದಿದ ಗುರುತು ಬಿತ್ತು, ಉತ್ತರ ಬರಲಿಲ್ಲ.

ಸಿಂದಗಿಗೆ ಹೊರಟು ಚೀಲ ಹೆಗಲಿಗೆ ಹಾಕಿದ ಸುಲ್ತಾನಾ ಅವರನ್ನು ಗಂಡ ನಬಿಲಾಲ ಬಾಗಿಲಲ್ಲಿ ತಡೆದರು. “ಅಕಿನೇ ಹೇಳಿಲ್ಲ ಅಂದ ಮ್ಯಾಲ ನಿನ್ನ ಹೆಸರು ಯಾರಿಗೂ ಗೊತ್ತಿಲ್ಲ. ನೀ ಯಾಕ ಹೋಗ್ತಿ?”

“ಡಾಕ್ಟರಿಗೂ ಗೊತ್ತಿಲ್ಲಲ್ರಿ” ಎಂದರು ಸುಲ್ತಾನಾ.

ನಬಿಲಾಲ ಸ್ಕೂಟರ್ ತೆಗೆದು ಅವರನ್ನು ಬಸ್ಸಿಗೆ ಬಿಟ್ಟರು.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಕಿಟಕಿ ಪಕ್ಕ ಕುಳಿತ ಸುಲ್ತಾನಾ ಅವರಿಗೆ ಯಾರಿಗೂ ಹೇಳದ ಒಂದು ಸಂಗತಿ ನೆನಪಾಯಿತು. ಎರಡು ವರ್ಷದ ಹಿಂದೆ ಅದೇ ತಂಬಾಕಿನ ನೀರನ್ನು ಬರಿಗೈಯಲ್ಲಿ ಹೊಡೆದು, ತಲೆ ತಿರುಗಿ, ತಾಸುಗಟ್ಟಲೆ ವಾಂತಿ ಮಾಡಿಕೊಂಡು ಮಲಗಿದ್ದರು. ಬಿಸಿಲಿಗೆ ಆಯಿತೆಂದು ಗಂಡನಿಗೆ ಹೇಳಿದ್ದರು. ಗ್ರೂಪಿನಲ್ಲಿ ಚಕಾರ ಎತ್ತಿರಲಿಲ್ಲ. ಟೀಚರಿಗೇ ಹೀಗಾಯಿತಂತೆ ಎಂದು ಮಂದಿ ಆಡಿಕೊಳ್ಳುವುದು ಬೇಡವಾಗಿತ್ತು ಅವರಿಗೆ.

ಸಿಂದಗಿಯಲ್ಲಿ ಗ್ರೂಪಿನವರು ಹದಿಮೂರು ಮಂದಿ ಇದ್ದರು. ಅವರಲ್ಲಿ ಅಫ್ರೋಜಳ ಹೊಲಿಗೆ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ. ಅವಳಿಗೆ ಹೇಳಿದರೆ ಐದು ನಿಮಿಷದಲ್ಲಿ ಡಾಕ್ಟರಿಗೆ ತಿಳಿಯುತ್ತದೆ. ಸಂಜೆಯೊಳಗೆ ಊರಿಗೂ ತಿಳಿಯುತ್ತದೆ. ಸುಲ್ತಾನಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ನಡುದಾರಿಯ ಆಲಮೇಲ ಊರಿನವರೆಗೂ ಹಾಗೇ ಬಂದರು. ಆಲಮೇಲದಲ್ಲಿ ಡ್ರೈವರ್ ಚಹಾಕ್ಕೆ ಇಳಿದಾಗ ಇನ್ನು ತಡೆಯಲಾಗಲಿಲ್ಲ. ಅಫ್ರೋಜಳಿಗೆ ಫೋನ್ ಹಚ್ಚಿ ಎಲ್ಲವನ್ನೂ ಹೇಳಿ, “ಓಡಿ ಹೋಗವಾ, ಡಾಕ್ಟರಿಗಷ್ಟೇ ಹೇಳು” ಎಂದರು.

ಅವರು ದವಾಖಾನೆ ಮುಟ್ಟುವ ಹೊತ್ತಿಗೆ ಶಂಕ್ರೆವ್ವನ ವಾಂತಿ ನಿಂತಿತ್ತು. ಯಾವ ವಿಷವೆಂದು ತಿಳಿದದ್ದರಿಂದ ಸುಮ್ಮನೆ ತಡಕಾಡುವುದು ತಪ್ಪಿತು ಎಂದರು ಡಾಕ್ಟರು. ಆದರೆ ಅಫ್ರೋಜಳ ಮಾತು ಹಬ್ಬಿ ಹೊರಗೆ ಜನ ನೆರೆದಿತ್ತು. ಶೈಲಶ್ರೀ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಅನೀಲಕುಮಾರ ಹೆಂಡತಿಯಿಂದ ದೂರ ನಿಂತು, ಗುರುತಿಲ್ಲದವಳನ್ನು ನೋಡುವಂತೆ ಅವಳನ್ನು ನೋಡುತ್ತಿದ್ದ.

ಸುಲ್ತಾನಾ ನೇರ ಅವನ ಮುಂದೆ ಹೋದರು. “ತಪ್ಪು ನಂದಪಾ. ಅಕಿ ಕೇಳಿದ್ಲು, ನಾ ಹೇಳಿದೆ. ಕೆಳಗೇನೈತಿ ಅಂತ ಕೇಳಲಿಲ್ಲ. ಆ ನೀರಿನ ದೆಸೆಯಿಂದ ನಾನೇ ಒಮ್ಮೆ ಬಿದ್ದಿದ್ದೆ, ಅದನ್ನೂ ಹೇಳಲಿಲ್ಲ.” ಫೋನ್ ತೆಗೆದು ಹಿಂದಿನ ಸಂಜೆಯ ತಮ್ಮ ದನಿಯನ್ನು ಎಲ್ಲರ ಮುಂದೆ ಕೇಳಿಸಿದರು.

ವಿಷದ ಪ್ರಕರಣವಾದ್ದರಿಂದ ದವಾಖಾನೆಯವರು ಠಾಣೆಗೆ ತಿಳಿಸಲೇಬೇಕಾಯಿತು. ಮೂರು ಗಂಟೆಗೆ ಪೊಲೀಸರು ಬಂದು ಸುಲ್ತಾನಾ ಅವರ ಹೇಳಿಕೆ ಬರೆದುಕೊಂಡರು, ಶೈಲಶ್ರೀಯದನ್ನೂ ಬರೆದುಕೊಂಡರು. ಕೊನೆಗೆ ಶಂಕ್ರೆವ್ವನ ಮಂಚದ ಬಳಿ ಹೋದಾಗ ಮುದುಕಿ ಕ್ಷೀಣ ದನಿಯಲ್ಲಿ, “ನಾನೇ ಕಿತ್ತೇನಿ, ನಾನೇ ತಿಂದೇನಿ. ನನ್ನ ಸೊಸಿ ತಂಟೆಗೆ ಹೋಗಬ್ಯಾಡ್ರಿ” ಎಂದಳು. ಪ್ರಕರಣ ಅಲ್ಲಿಗೇ ಮುಗಿಯಿತು.

ಸುಲ್ತಾನಾ ಹೊರಡುವಾಗ ಶೈಲಶ್ರೀ ಬಾಗಿಲವರೆಗೆ ಬಂದಳು. “ನಾನೇ ಹೇಳಾಕಿ ಇದ್ದೆ ಅಂತ ಸುಳ್ಳು ಹೇಳೂದಿಲ್ರಿ” ಎಂದಳು. “ಖರೇ ಮಾತಾದ್ರೂ, ಅಫ್ರೋಜಕ್ಕ ಅಷ್ಟು ಮಂದ್ಯಾಗ ನಿಂತು ಹೇಳಿದಾಗ ನನ್ನ ಜೀವಾನೇ ಹೋತ್ರಿ.” ಸುಲ್ತಾನಾ ಅವಳ ಕೈ ಹಿಡಿಯಲು ಹೋದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮರುದಿನ ಟೀಚರ್ ನಡೆದದ್ದನ್ನೆಲ್ಲ, ತಾವು ಮುಚ್ಚಿಟ್ಟಿದ್ದನ್ನೂ ಸೇರಿಸಿ, ಗ್ರೂಪಿಗೆ ಹೇಳಿದರು. ಶೈಲಶ್ರೀಯ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಉಳಿದಿರಲಿಲ್ಲ. ಹತ್ತೊಂಬತ್ತು ಮಂದಿ ಗ್ರೂಪ್ ಬಿಟ್ಟರು. ಶೈಲಶ್ರೀ ಹೊರ್ತಿಯ ತವರಿಗೆ ಹೋಗಿ ತಿಂಗಳೊಪ್ಪತ್ತು ಇದ್ದು ಬಂದಳೆಂದು ಅಫ್ರೋಜ ತಿಳಿಸಿದಳು.

ಬೇಸಿಗೆಯಲ್ಲಿ ಬಳಗದ ಮದುವೆಗೆ ಸಿಂದಗಿಗೆ ಹೋದಾಗ ಸುಲ್ತಾನಾ ಧೈರ್ಯ ಮಾಡಿ ಆ ಮನೆಯ ಬಾಗಿಲು ಬಡಿದರು. ತೆರೆದವಳು ಶಂಕ್ರೆವ್ವ. “ಬರ್ರಿ ಟೀಚರ್ರ, ಒಳಗ ಬರ್ರಿ” ಎಂದು ಚಾಪೆ ಹಾಸಿದಳು. ಮೈ ಸೊರಗಿತ್ತು, ಮಾತು ಮಾತ್ರ ಗಟ್ಟಿಯಿತ್ತು.

“ನನ್ನ ಸೊಸಿಗೆ ನಿಮ್ಮ ಮ್ಯಾಲ ಸಿಟ್ಟಿಲ್ಲ. ಇದ್ರೂ ಭಾಳಿಲ್ಲ” ಎಂದಳು ಮೆಲ್ಲಗೆ. “ಆ ದಿನ ನನ್ನ ಮಗ ಅಕಿನ್ನ ಹೆಂಗ ನೋಡಿದ ಅಂತ, ಅದನ್ನ ಮರೀವಲ್ಲಳು. ನಾ ಬದುಕಿ ಬಂದ್ರೂ ಅವರಿಬ್ಬರ ನಡುವ ಏನೋ ಸತ್ತೈತ್ರಿ.”

ಶೈಲಶ್ರೀ ಚಹಾ ತಂದಿಟ್ಟಳು. “ತಗೋರಿ” ಎಂದಳು, ಅಷ್ಟೇ. ಸುಲ್ತಾನಾ ಏನೇನೋ ಹೇಳಬೇಕೆಂದು ಬಂದಿದ್ದರು. “ಆರಾಮ ಅದೀಯೇನವಾ?” ಎಂದು ಮಾತ್ರ ಕೇಳಿದರು. ಅವಳು ತಲೆಯಾಡಿಸಿದಳು, ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ, ಮತ್ತು ಬಟ್ಟಲು ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದಳು.