ಬೀದಿಗೆಲ್ಲ ಒಂದೇ ಹೆಸರು

ಮೊನ್ನೆ ಬೆಳಿಗ್ಗೆ ರಾಮನಗರದ ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪುಡಿ ಎರಚಿ ಹೋದರು. ಮಕ್ಕಳು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದರು. ನಾನು ಮಾತ್ರ ಗೇಟಿನ ಹತ್ತಿರ ನಿಂತೇ ಇದ್ದೆ. ನನಗೆ ಅದು ಚರಂಡಿಯ ವಾಸನೆಯಲ್ಲ, ಹುಳದಮನೆಯ ವಾಸನೆ. ಕೈಲಾಂಚ ಹೋಬಳಿಯ ನಮ್ಮೂರಿನಲ್ಲಿ ರೇಷ್ಮೆಯ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಹುಳ ಸಾಕುವ ಮನೆಯನ್ನೆಲ್ಲ ಆ ಪುಡಿ ಹಾಕಿ ತೊಳೆಯುತ್ತಿದ್ದರು. ಪಕ್ಕದ ಮನೆಯ ದೊಡ್ಡವ್ವನ ಸೀರೆಗೆ ಆ ವಾಸನೆ ಸದಾ ಅಂಟಿಕೊಂಡಿರುತ್ತಿತ್ತು...

ದೊಡ್ಡವ್ವ ನಮಗೆ ರಕ್ತಸಂಬಂಧಿಯೇನಲ್ಲ. ಬೀದಿಯ ಚಿಕ್ಕವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವಳ ಎದುರುಮನೆಯವಳನ್ನು ಚಿಕ್ಕವ್ವ ಅನ್ನುತ್ತಿದ್ದೆವು. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಹುಳ ಬಲಿತು ಹಣ್ಣಾದ ದಿನ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಅದು ಒಂದು ದಿನದಲ್ಲೇ ಮುಗಿಯಬೇಕಾದ ಕೆಲಸ, ಒಂದು ಮನೆಯವರಿಂದ ಆಗುವುದಿಲ್ಲ. ಇವಳ ಹುಳಕ್ಕೆ ಅವಳು, ಅವಳ ಹುಳಕ್ಕೆ ಇವಳು ಮುಯ್ಯಾಳಾಗಿ ಹೋಗುತ್ತಿದ್ದರು. ಕೆಲಸಕ್ಕಿಂತ ಮಾತು ಜಾಸ್ತಿ, ಆದರೆ ಕೈ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ.

ರಾಮನಗರ ಆಗ ಹೊಸದಾಗಿ ಜಿಲ್ಲೆಯಾಗಿತ್ತು. ನಾನು ಊರಿನಿಂದ ದಿನಾ ಹೋಗಿಬಂದು ಅಲ್ಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಪುಸ್ತಕ ನೋಡಿಕೊಂಡು ಅಷ್ಟಿಷ್ಟು ಪ್ರೋಗ್ರಾಮಿಂಗ್ ಕಲಿತಿದ್ದೆ. ಹೊಸ ಅಗಸನ ಹಾಗೆ ಕೈ ತುರಿಸುತ್ತಿತ್ತು ಅಂತಲೇ ಇಟ್ಟುಕೊಳ್ಳಿ. ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಒಂದು ಬ್ಲಾಗ್ ತಾಣ ಕಟ್ಟಿದೆ. ಹೆಸರು ನೋಂದಾಯಿಸಿ ಖಾತೆ ಮಾಡಿಕೊಂಡವರು ಬರಹ ಹಾಕಬಹುದು, ಓದಿದವರು ಕೆಳಗೆ ಕಾಮೆಂಟ್ ಬರೆಯಬಹುದು. ಪಾಸ್‌ವರ್ಡನ್ನು ಯಾರೂ ಓದಲಾಗದ ಹಾಗೆ ಡೇಟಾಬೇಸಿನಲ್ಲಿ ಇಡುವುದನ್ನು ಕಲಿಯಲು ನನಗೆ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನದ ಶ್ರಮವನ್ನು ದೊಡ್ಡವ್ವ ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿದಳು.

ಮೊದಲ ಖಾತೆ ಅವಳದೇ. ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತು ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಹುಳದಮನೆಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅನ್ನುವುದು ಅವಳ ಮೊದಲ ಬರಹ. ಅದನ್ನು ಓದಿ ಮರಳವಾಡಿಯಿಂದ ಯಾರೋ ಪ್ರಶ್ನೆ ಕೇಳಿದಾಗ ಅವಳ ಸಂತೋಷ ನೋಡಬೇಕಿತ್ತು. ಅವತ್ತೇ ಪಾಸ್‌ವರ್ಡನ್ನು ಬೀದಿಗೆಲ್ಲ ಹೇಳಿಬಿಟ್ಟಳು. ನಾನು ಬೈದೆ. ಅವಳು ನಕ್ಕಳು.

"ಗುಟ್ಟು ಯಾಕ್ ಮಡಿಕ್ಕೊಬೇಕು ಮಗ? ನಮ್ಮನೆ ಬೀಗದ ಕೈ ಎಲ್ಲೈತೆ ಅಂತ ಬೀದಿಗೆಲ್ಲ ಗೊತ್ತು."

ಅದು ನಿಜವೇ. ಹೊಲಕ್ಕೆ ಹೋಗುವಾಗ ಬೀಗದ ಕೈಯನ್ನು ಎದುರುಮನೆಯ ಗೋಡೆಗೂಡಿನಲ್ಲಿಟ್ಟು ಹೋಗುವ ಬೀದಿ ನಮ್ಮದು. ಬೇರೆ ಬೇರೆ ಖಾತೆ ಮಾಡಿಕೊಡುತ್ತೇನೆಂದರೆ ಯಾರಿಗೂ ಬೇಕಿರಲಿಲ್ಲ. ನಮ್ಮ ಮನೆಯಲ್ಲೋ ರಾಮನಗರದ ಸೈಬರ್ ಸೆಂಟರಿನಲ್ಲೋ ಕೂತು, ಒಬ್ಬಳ ಹೆಸರಿನಲ್ಲಿ ಇಡೀ ಬೀದಿ ಬರೆಯಿತು. ಬರೆದವರು ಕಾಗದ ಮುಗಿಸುವ ಹಾಗೆ ಕೊನೆಯಲ್ಲಿ 'ಇಂತಿ' ಎಂದು ತಮ್ಮ ಹೆಸರು ಹಾಕುತ್ತಿದ್ದರು. ಹೆಸರಿಲ್ಲದಿದ್ದರೆ ಅದು ದೊಡ್ಡವ್ವನ ಮಾತು. ಈ ಏರ್ಪಾಡು ನೋಡಿ ನನಗೆ ನಗು ಬರುತ್ತಿತ್ತು, ಒಸಿ ಹೆಮ್ಮೆಯೂ ಆಗುತ್ತಿತ್ತು.

ಬಿಡದಿಯ ಕಡೆ ಕಾರ್ಖಾನೆಗಳು ತುಂಬಿಕೊಂಡ ಮೇಲೆ ನಮ್ಮ ಕಡೆಗೂ ಕಾರುಗಳು ಬರತೊಡಗಿದವು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಿಂತು ಯಾರೋ ನಕ್ಷೆ ಬಿಚ್ಚಿ ನೋಡುತ್ತಿದ್ದರು. ಜಮೀನು ಕೊಡುವುದಿಲ್ಲ ಎಂದು ಬೀದಿಯವರೆಲ್ಲ ಒಂದೇ ಮಾತಿಗೆ ಬಂದಿದ್ದರು. ಅಂಥ ದಿನದಲ್ಲಿ ತಾಣದಲ್ಲಿ ಒಂದು ಕಾಮೆಂಟ್ ಬಂತು. ಚಿಕ್ಕವ್ವನ ಮನೆಯವರು ಕಾರ್ಖಾನೆಯವರಿಗೆ ಗುಟ್ಟಾಗಿ ಸಹಿ ಹಾಕಿ ಕೊಟ್ಟಿದ್ದಾರೆ, ನಮ್ಮ ನಡುವೆಯೇ ಇದ್ದು ಕತ್ತು ಕುಯ್ದರು ಎಂದು ಅದರಲ್ಲಿತ್ತು. ಕೊನೆಯಲ್ಲಿ ಯಾರ ಹೆಸರೂ ಇರಲಿಲ್ಲ.

ಅದು ಸುಳ್ಳು. ಚಿಕ್ಕವ್ವನ ಮನೆಯವರು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಯಾರೋ ಅದನ್ನು ಅಚ್ಚು ಹಾಕಿಸಿ ಡೇರಿಯ ಹತ್ತಿರ ಓದಿಯೂ ಆಗಿತ್ತು.

ಸಂಜೆ ದೊಡ್ಡವ್ವ ನಮ್ಮ ಮನೆಗೆ ಬಂದಳು. ಕೂರಲಿಲ್ಲ.

"ಯಾರು ಬರ್ದೋರು ಅಂತ ನಿಂಗೆ ಗೊತ್ತಾಯ್ತದಾ ಮಗ?"

ಗೊತ್ತಾಗುತ್ತಿತ್ತು. ಯಾವ ಕಂಪ್ಯೂಟರಿನಿಂದ, ಎಷ್ಟು ಹೊತ್ತಿಗೆ ಬರೆದರು ಎನ್ನುವುದು ದಾಖಲಾಗುವ ಹಾಗೆ ನಾನೇ ಕಟ್ಟಿದ್ದೆ, ಆಗಲೇ ನೋಡಿಯೂ ಇದ್ದೆ. ಕಾಮೆಂಟ್ ಹೋಗಿದ್ದು ನಮ್ಮ ಮನೆಯಿಂದ, ನಾನು ಮತ್ತು ಅವ್ವ ರಾಮನಗರಕ್ಕೆ ಹೋಗಿದ್ದ ಮಧ್ಯಾಹ್ನ. ಮನೆಯಲ್ಲಿದ್ದದ್ದು ಅಪ್ಪ ಒಬ್ಬರೇ. ಒಂದೇ ಬೆರಳಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಅವರಿಗೆ ಕಲಿಸಿದವಳೂ ನಾನೇ. ಚಿಕ್ಕವ್ವನ ಮನೆಯವರ ಮೇಲೆ ಅವರಿಗೆ ಕಾಲುವೆ ನೀರಿನ ಹಳೆಯ ಸಿಟ್ಟಿತ್ತು. ಕೇಳಿದಾಗ ಅಪ್ಪ ಅಲ್ಲಗಳೆಯಲಿಲ್ಲ. ಊರವರು ಆಡಿಕೊಂಡಿದ್ದನ್ನೇ ಬರೆದೆ ಅಂದರು. ಆಮೇಲೆ ದನಿ ಇಳಿಸಿ, "ಈ ಬೀದೀಲಿ ತಲೆ ಎತ್ಕೊಂಡ್ ಓಡಾಡ್ಬೇಕು ಕಣ್ ಮಗ," ಅಂದರು.

ಅಪ್ಪ ಒಳಮನೆಯಲ್ಲೇ ಇದ್ದರು. ನಾನು ದೊಡ್ಡವ್ವನ ಮುಖ ನೋಡದೆ, ಗೊತ್ತಾಗುವುದಿಲ್ಲ ಅಂದೆ.

ಅವಳು ಒಳಮನೆಯ ಬಾಗಿಲ ಕಡೆ ನೋಡಿದಳೋ, ನನಗೆ ಹಾಗೆ ಅನ್ನಿಸಿತೋ... ಇವತ್ತಿಗೂ ಹೇಳಲಾರೆ.

"ಹಂಗಾರೆ ಬುಡು," ಅಂದಳು. "ನನ್ನೆಸ್ರಲ್ಲೈತೆ. ಕೈಯಾರ ಬೀಗದ ಕೈ ಕೊಟ್ಟೋಳು ನಾನು, ತಪ್ಪಾಯ್ತು ಅಂತ ಕೆಳೀಕೆ ಬರಿ."

ಬರೆದೆ. ಎರಡೇ ಸಾಲು. ಬೀದಿಯವರಿಗೆ ಅದು ಒಪ್ಪಿಗೆಯ ಹಾಗೆ ಕಂಡಿತು. ಚಿಕ್ಕವ್ವನಿಗೂ ಹಾಗೇ ಕಂಡಿತು.

ಮುಂದಿನ ತಿಂಗಳು ದೊಡ್ಡವ್ವನ ಹುಳ ಹಣ್ಣಾದ ದಿನ ಎದುರುಮನೆಯ ಬಾಗಿಲು ತೆರೆಯಲಿಲ್ಲ. ಉಳಿದವರೂ ಒಂದೊಂದು ನೆಪ ಹೇಳಿದರು. ನಾನು ರಜೆ ಹಾಕಿ ಹೋದೆ. ನನ್ನ ಕೈಗೆ ಅಭ್ಯಾಸವಿಲ್ಲ, ಹಣ್ಣು ಹುಳ ಯಾವುದು, ಕಾಯಿ ಹುಳ ಯಾವುದು ಎಂದು ತಡವರಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಅರ್ಧದಷ್ಟು ಹುಳ ಸೊಪ್ಪಿನ ಮೇಲೆಯೇ ಕೆಟ್ಟ ಗೂಡು ಕಟ್ಟಿಬಿಟ್ಟಿದ್ದವು. ಅವಳು ನೀರು ಕೊಟ್ಟಳು, ಊಟ ಮಾಡಿಕೊಂಡು ಹೋಗು ಅಂದಳು. ಆವತ್ತು ಅವಳು ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ನಾನು ಎಲ್ಲವನ್ನೂ ಹೇಳಿಬಿಡುತ್ತಿದ್ದೆನೇನೋ. ಅದೂ ಈಗ ನಾನು ಮಾಡಿಕೊಳ್ಳುವ ಸಮಾಧಾನ ಇರಬಹುದು.

ತಾಣವನ್ನು ಆ ವರ್ಷವೇ ಮುಚ್ಚಿದೆ. ಕಾರ್ಖಾನೆ ಬರಲಿಲ್ಲ, ಕಾರುಗಳು ಬೇರೆ ಕಡೆ ಹೋದವು. ನಾನು ಮದುವೆಯಾಗಿ ರಾಮನಗರ ಸೇರಿದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವರು ಹೋದ ಮೇಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ಸತ್ತವರ ಹೆಸರು ಯಾಕೆ ಕೆಡಿಸಬೇಕು ಅಂದುಕೊಂಡೆ. ಬದುಕಿದ್ದವಳ ಹೆಸರು ಕೆಟ್ಟೇ ಇತ್ತು. ಹೋದ ವರ್ಷ ದೊಡ್ಡವ್ವನೂ ಹೋದಳು.

ಮೊನ್ನೆ ಆ ವಾಸನೆ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಭಾನುವಾರ ಊರಿಗೆ ಹೋಗಿ ಚಿಕ್ಕವ್ವನ ಜಗಲಿಯ ಮೇಲೆ ಕೂತು, ಬರೆದದ್ದು ಅಪ್ಪ, ಮುಚ್ಚಿಟ್ಟದ್ದು ನಾನು ಎಂದು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿ, ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅವ್ಳು ಆಸ್ಪತ್ರೇಲಿದ್ದಾಗ ನೋಡ್ಕೊಂಡ್ ಬರಾನ ಅಂತ ಬಸ್‌ಸ್ಟ್ಯಾಂಡ್ ಗಂಟ ಹೋಗಿ ವಾಪಸ್ ಬಂದ್ಬುಟ್ಟೆ," ಅಂದಳು. "ಆಗ್ಲಾದ್ರೂ ಹೇಳ್ಬಾರ್ದಿತ್ತಾ ಮಗ?"

ಆ ಆಸ್ಪತ್ರೆ ರಾಮನಗರದ ನಮ್ಮ ಮನೆಯಿಂದ ಎರಡು ಬೀದಿ ಆಚೆ. ದೊಡ್ಡವ್ವನಿಗೆ ದಿನಾ ಗಂಜಿ ಕಾಯಿಸಿಕೊಂಡು ಹೋಗುತ್ತಿದ್ದವಳು ನಾನು. ಬಾಗಿಲ ಸದ್ದಾದಾಗಲೆಲ್ಲ ಅವಳು ಕತ್ತೆತ್ತಿ ನೋಡುತ್ತಿದ್ದಳು. ಯಾರಿಗಾಗಿ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.