ಐದನೆಯ ನೀರು

ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸನ್ನು ಎಲ್ಲರೂ ನೀರಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ತೊಟ್ಟಿಯ ಮುಂದೆ ನಿಂತವಳ ನಿಜವಾದ ಹೆಸರು ಹಾಜರಿ ಪುಸ್ತಕದೊಳಗೆ ತಣ್ಣಗೆ ಮಲಗಿತ್ತು.

ಎರಡು ವರ್ಷದಿಂದ ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದವಳು ಡಾಕ್ಟರೇಟ್ ಮಾಡುವ ಹುಡುಗಿ. ವಿಜ್ಞಾನಿಗಳು ಏನು ಕಂಡುಹಿಡಿದರು ಎನ್ನುವುದಲ್ಲ, ಹೇಗೆ ಕಂಡುಹಿಡಿಯುತ್ತಾರೆ ಎನ್ನುವುದೇ ಅವಳ ಸಂಶೋಧನೆ. ನೀರಕ್ಕ ಮೊದಲ ದಿನವೇ ಕಾಲೆಳೆದಿದ್ದಳು: "ಕೆಲಸ ಮಾಡೋರನ್ನ ನೋಡ್ತಾ ಕೂರೋದೂ ಒಂದು ಕೆಲಸಾನಾ? ನಮ್ಮತ್ತೆ ಮೂವತ್ತು ವರ್ಷ ಅದನ್ನೇ ಮಾಡಿದ್ರು, ಯಾರೂ ಡಾಕ್ಟರ್ ಅನ್ನಲಿಲ್ಲ."

ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಿಸಬೇಕು ಎಂದು ಗೋಡೆಯ ಮೇಲಿನ ಹಾಳೆ ಹೇಳುತ್ತಿತ್ತು. ನೀರು ಪೋಲು ಮಾಡಿದರೆ ಕ್ರಮ ಎಂಬ ಬೆದರಿಕೆಯೂ, ಅದರಡಿ ಪ್ರಯೋಗಾಲಯ ನಡೆಸುವ ಪ್ರೊಫೆಸರರ ರುಜುವೂ ಇದ್ದವು. ನೀರಕ್ಕ ಕದ್ದುಮುಚ್ಚಿ ಜಾಲಿಸುತ್ತಿದ್ದುದು ಐದು ಸಲ. ಮೂರಕ್ಕೆ ನೀರು ಗಾಜಿಗೆ ಹನಿಹನಿಯಾಗಿ ಅಂಟುತ್ತಿತ್ತು. ಐದಕ್ಕೆ ತೆಳ್ಳಗೆ ಒಂದೇ ಪೊರೆಯಾಗಿ ಜಾರುತ್ತಿತ್ತು. ಅಲ್ಲಿಯವರೆಗೆ ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

ಮಗಳ ಬಾಣಂತನಕ್ಕೆಂದು ಅವಳು ಒಂದು ತಿಂಗಳು ರಜೆ ಹಾಕಿದಾಗ ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದ ಜೀವಕೋಶಗಳೆಲ್ಲ ಸಾಲುಸಾಲಾಗಿ ಸತ್ತವು. ದೊಡ್ಡವರು ಯಂತ್ರವನ್ನು ಬೈದರು, ರಾಸಾಯನಿಕ ಕಳಿಸಿದವರನ್ನು ಬೈದರು. ಅವಳು ಮರಳಿದ ವಾರವೇ ಎಲ್ಲ ಸರಿಹೋಯಿತು. ಕಾರಣ ಹೊಳೆದದ್ದು ಹುಡುಗಿಗೆ. ನೀರಕ್ಕನ ಐದನ್ನೂ ಬದಲಿಗೆ ಬಂದವರ ಮೂರನ್ನೂ ಎಣಿಸಿದ್ದವಳು ಅವಳೊಬ್ಬಳೇ.

ಅದನ್ನೇ ಪ್ರಬಂಧ ಮಾಡಿದಳು. ದೂರದೇಶದ ಸಮ್ಮೇಳನದಿಂದ ಕರೆ ಬಂತು, ಇಂಥ ಸಂಶೋಧನೆಯ ವಿದ್ಯಾರ್ಥಿಗಳಿಗೆಂದೇ ಇದ್ದ ಪ್ರಯಾಣ ಪುರಸ್ಕಾರವೂ ಬಂತು. ಆದರೆ ನೀರಕ್ಕ ಒಪ್ಪಿಗೆ ಪತ್ರಕ್ಕೆ ರುಜು ಹಾಕದಿದ್ದರೆ ಪುರಸ್ಕಾರ ಬೇರೆಯವರ ಪಾಲಾಗುತ್ತಿತ್ತು.

ರುಜು ಹಾಕಿದರೆ ನೀರಕ್ಕನ ಐದು ಸಲದ ಗುಟ್ಟು ಪ್ರೊಫೆಸರರಿಗೂ ತಿಳಿಯುತ್ತಿತ್ತು. ಅವಳದು ವರ್ಷವರ್ಷವೂ ಮುಂದುವರಿಸಬೇಕಾದ ಗುತ್ತಿಗೆಯ ಕೆಲಸ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಮಾತು ಅವಳಿಗೆ ಗೊತ್ತಿಲ್ಲದ್ದೇ?

"ಬೇಡ ಅಂದ್ರೆ ಬೇಡ ಅಕ್ಕ. ನಿಮ್ಮ ಹೊಟ್ಟೆ ಮೇಲೆ ಹೊಡೆದು ನಂಗೆ ಯಾವ ಪ್ರಯಾಣಾನೂ ಬೇಡ," ಎಂದಳು ಹುಡುಗಿ, ಕಾಗದವನ್ನು ಮಡಚುತ್ತ.

ಇಷ್ಟು ವರ್ಷದಲ್ಲಿ ಐದು ಸಲ ಯಾಕೆ ಎಂದು ಕೇಳಿದವಳು ಇವಳೊಬ್ಬಳು. ಕೇಳಿ, ಉತ್ತರವನ್ನು ಬರೆದುಕೊಂಡವಳು. ಆ ಋಣ ಸಣ್ಣದೆಂದು ನೀರಕ್ಕನಿಗೆ ಅನ್ನಿಸಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದ ಕಸಿದುಕೊಂಡಳು, ದುಂಡಗೆ ರುಜು ಹಾಕಿದಳು.

"ಹೋಗಿ ಬಾ. ಐದು ಅಂತಾನೇ ಹೇಳು, ಹೆದರ್ಕೊಂಡು ಮೂರು ಅನ್ನಬೇಡ."

ಹುಡುಗಿ ವಿಮಾನ ಹತ್ತಿದ ಮೂರನೆಯ ದಿನ ಪ್ರೊಫೆಸರರು ಕರೆಸಿದರು. ಮೇಜಿನ ಮೇಲೆ ಅದೇ ಪ್ರಬಂಧ ಇತ್ತು. ನೀರಕ್ಕ ಗಂಟುಮೂಟೆ ಕಟ್ಟುವುದೇ ಸೈ ಅಂದುಕೊಂಡು ನಿಂತಳು. ಅವರು ಬೈಯಲಿಲ್ಲ. ತೊಳೆಯುವ ಕೋಣೆಗೆ ಬಂದು, ಅಂಗಿಯ ತೋಳು ಮಡಚಿ, ಜಾಲಿಸುವುದನ್ನು ತೋರಿಸಿಕೊಡಿ ಎಂದರು. ನಾಲ್ಕಕ್ಕೇ ಕೈ ಬಿಡಲು ಹೋದವರನ್ನು ಅವಳು ತಡೆದಳು. ಐದಕ್ಕೆ ನೀರು ಜಾರಿತು.

ಮರುದಿನ ಗೋಡೆಯ ಹಾಳೆ ಬದಲಾಯಿತು. 'ಐದು ಸಲ' ಎಂದಿತ್ತು. ಬೆದರಿಕೆ ಇದ್ದ ಜಾಗದಲ್ಲಿ 'ವಿಧಾನ ರೂಪಿಸಿದವರು' ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದರು. ಪ್ರೊಫೆಸರರು ಪೆನ್ನು ಚಾಚಿದರು.

ನೀರಕ್ಕ ಮನಸ್ಸಿನಲ್ಲೇ ಆ ಹುಡುಗಿಗೆ, ಪುರಸ್ಕಾರ ಕೊಟ್ಟು ಅವಳನ್ನು ದೂರ ಕಳಿಸಿದ ಕಾಣದ ಪುಣ್ಯಾತ್ಮರಿಗೆ ಕೈ ಮುಗಿದಳು. ಪೆನ್ನು ತೆಗೆದುಕೊಂಡಳು. ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು.