ನನ್ನ ತಲೆಯ ಮೇಲಿನ ಆಣೆ

ಅವರ್ಸಾದಿಂದ ಕಾರವಾರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಹದಿನಾಲ್ಕು ವರ್ಷ ಅದಕ್ಕೆ ಕಾರಣ ಜಾಗವಿಲ್ಲದ್ದು. ನಾನು ಕೂತರೆ ಇಬ್ಬರ ಸೀಟು ಮುಗಿಯುತ್ತಿತ್ತು. ಕಂಡಕ್ಟರ್ ನನಗೆ ಎರಡು ಟಿಕೆಟ್ ಹರಿಯುವಂತೆ ನಟಿಸುತ್ತಿದ್ದ, ಬಸ್ಸೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನೂ ಜೋರಾಗಿ ನಗುತ್ತಾರೆ ಎಂಬುದನ್ನು ದಪ್ಪಗಿರುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಕೆಲವು ತಿಂಗಳು, ನಾನು ಮುಕ್ಕಾಲು ಸೀಟನ್ನೂ ತುಂಬದೆ ಕಿಟಕಿಗೆ ಒತ್ತಿಕೊಂಡು ಕೂತಾಗಲೂ ಪಕ್ಕದ ಜಾಗ ಖಾಲಿಯೇ ಉಳಿಯಿತು. ಅರ್ಗಾದ ನೌಕಾನೆಲೆಯ ಗೋಡೆ ಮುಗಿದು ಬಸ್ಸು ಬಿಣಗಾ ಘಾಟಿ ಹತ್ತುವಾಗ, ನಿಂತವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೂ ನನ್ನ ಪಕ್ಕಕ್ಕೆ ಮಾತ್ರ ಬರುತ್ತಿರಲಿಲ್ಲ. ಆಗ ಯಾರೂ ನಗುತ್ತಿರಲಿಲ್ಲ.

ಇದು ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾದಾಗಿನ ಮಾತು. ನಾನು ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ನೂರಾ ಮೂವತ್ತೆಂಟು ಕಿಲೋ ತೂಗುತ್ತಿದ್ದೆ. ಸಕ್ಕರೆ ಕಾಯಿಲೆ ಹಿಡಿದಿತ್ತು, ಮೊಣಕಾಲು ಹೋಗಿತ್ತು. ಮುಂಬೈಯ ಒಂದು ಆಸ್ಪತ್ರೆಯಲ್ಲಿ ಜಠರವನ್ನು ಕತ್ತರಿಸಿ ಮೊಟ್ಟೆಯಷ್ಟು ಚಿಕ್ಕದು ಮಾಡಿ ಕರುಳಿಗೆ ಜೋಡಿಸುತ್ತಾರೆ, ತೂಕ ತಾನಾಗಿ ಇಳಿಯುತ್ತದೆ ಎಂದು ವೈದ್ಯರೊಬ್ಬರು ಹೇಳಿದರು. ಕಚೇರಿಯಲ್ಲಿ ತರಬೇತಿ ಎಂದೂ ಊರಲ್ಲಿ ಕಚೇರಿ ಕೆಲಸ ಎಂದೂ ಹೇಳಿ ಅಂಕೋಲೆಯಲ್ಲಿ ರೈಲು ಹತ್ತಿದೆ. ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

ಅವಳ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿಕೊಂಡಿದ್ದೆ, ಯಾರಿಗೂ ಹೇಳಬಾರದು ಎಂದು. ಮುಖ್ಯವಾಗಿ ಅವಳ ಅಣ್ಣನಿಗೆ ಹೇಳಬಾರದು. ಅಂಕೋಲೆಯ ಹತ್ತಿರದ ಅವಳ ತವರಿನಲ್ಲಿ, ನಮ್ಮ ಮದುವೆಯ ದಿನ, ಚಪ್ಪರದ ಕೆಳಗೆ ನನ್ನ ಕುರ್ಚಿ ಮುರಿದಿತ್ತು. ಬಾಸಿಂಗ ಕಟ್ಟಿಕೊಂಡವನು ಅಂಗಾತ ಬಿದ್ದು ಕಾಲು ಆಡಿಸಿದ್ದೆ. ಭಾವ ಆ ಕತೆಯನ್ನು ಹನ್ನೊಂದು ವರ್ಷದಿಂದ ಪ್ರತಿ ಹಬ್ಬದಲ್ಲೂ, ಮನೆಗೆ ಬಂದ ಪ್ರತಿ ಹೊಸ ನೆಂಟರಿಗೂ, ನೆಲದ ಮೇಲೆ ಮಲಗಿ ಕಾಲೆತ್ತಿ ತೋರಿಸುತ್ತ ಹೇಳುತ್ತಿದ್ದ. ಪ್ರತಿ ಸಲ ನಾನು ಎದುರಿಗೇ ಕೂತು ನಗಬೇಕಾಗಿತ್ತು. ದಪ್ಪ ಇಳಿಸಲು ಹೊಟ್ಟೆ ಕೊಯ್ಸಿಕೊಂಡ ಎಂಬ ಎರಡನೆಯ ಕತೆಯನ್ನು ನನ್ನ ಕೈಯಾರೆ ಅವನಿಗೆ ಕೊಡಲು ನಾನು ತಯಾರಿರಲಿಲ್ಲ.

ಶಸ್ತ್ರಚಿಕಿತ್ಸೆ ಆಯಿತು. ಹೊಟ್ಟೆಯ ಮೇಲೆ ಐದು ತೂತುಗಳ ಗುರುತು ಹೊತ್ತು ಊರಿಗೆ ಬಂದೆ. ಮೂರನೆಯ ವಾರದಿಂದ ನುಂಗಿದ್ದು ಎದೆಯ ಕೆಳಗೆ ಸಿಕ್ಕಿಕೊಳ್ಳತೊಡಗಿತು. ಮೊದಲು ಅನ್ನ, ಆಮೇಲೆ ಗಂಜಿ, ಕೊನೆಗೆ ಗಂಜಿಯ ತಿಳಿ. ಹೆಂಡತಿ ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಚಮಚದಲ್ಲಿ ಕೊಡುತ್ತಿದ್ದಳು, ಕಾಲು ಗಂಟೆಯಲ್ಲಿ ಅದು ನೊರೆ ನೊರೆಯಾಗಿ ವಾಪಸು ಬರುತ್ತಿತ್ತು. ಬಚ್ಚಲಲ್ಲಿ ಬಗ್ಗಿ ಕೂತವನ ಬೆನ್ನು ಸವರುತ್ತ ನಿಲ್ಲುತ್ತಿದ್ದಳು. ಫೋನು ಮಾಡಿದರೆ ಆಸ್ಪತ್ರೆಯವರು ಇದು ಸಾಮಾನ್ಯ ಎಂದರು. ಎರಡನೆಯ ಸಲ ಮಾಡಿದರೂ ಸಾಮಾನ್ಯ. ಆ ಶಬ್ದವನ್ನು ಇವತ್ತಿಗೂ ಯಾರಾದರೂ ಆಡಿದರೆ ನನಗೆ ಮೈ ಉರಿಯುತ್ತದೆ. ನೀರೂ ಇಳಿಯದಾದಾಗ ಮತ್ತೆ ರೈಲು ಹತ್ತಿ ಹೋದೆ. ಜೋಡಿಸಿದ ಜಾಗ ಗಾಯ ಮಾಗುತ್ತ ಬಿಗಿದುಕೊಂಡು ಪೆನ್ನಿನ ರೀಫಿಲ್ಲಿನಷ್ಟು ಕಿರಿದಾಗಿತ್ತು. ಬಾಯಿಂದ ನಳಿಕೆ ಇಳಿಸಿ ಬಲೂನು ಉಬ್ಬಿಸಿ ಹಿಗ್ಗಿಸಿದರು. ಎರಡು ವಾರ ಗಂಜಿ ಇಳಿಯಿತು, ಮತ್ತೆ ಬಿಗಿಯಿತು. ಹೀಗೆ ನಾಲ್ಕು ಸಲ.

ನಾಲ್ಕು ಸಲವೂ ಕಚೇರಿಗೆ ರಜೆ ಬರೆದದ್ದು 'ಸ್ವಂತ ಕೆಲಸ' ಎಂದು. ಅಷ್ಟರಲ್ಲಿ ಕೂದಲು ಬಾಚಣಿಗೆಗೆ ಮುಷ್ಟಿಗಟ್ಟಲೆ ಬರುತ್ತಿತ್ತು. ಕೆನ್ನೆ ಒಳಗೆ ಹೋಗಿ ಹಲ್ಲು ಮುಂದೆ ಬಂದಂತೆ ಕಾಣುತ್ತಿತ್ತು. ಪಾದಗಳು ಜೋಮು ಹಿಡಿದು, ಚಪ್ಪಲಿ ಕಳಚಿದರೂ ತಿಳಿಯುತ್ತಿರಲಿಲ್ಲ. ವಾಂತಿಯಲ್ಲಿ ವಿಟಮಿನ್ ಎಲ್ಲ ಹೋಗಿದೆ, ನರಗಳು ಒಣಗುತ್ತಿವೆ, ತಪ್ಪದೆ ಇಂಜೆಕ್ಷನ್ ತೆಗೆದುಕೊಳ್ಳದಿದ್ದರೆ ನಡೆಯುವುದು ನಿಲ್ಲುತ್ತದೆ ಎಂದು ಮುಂಬೈಯಲ್ಲಿ ಹೆದರಿಸಿ ಕಳಿಸಿದರು. ಊರಿನ ಕಾಂಪೌಂಡರನ ಬಾಯಿ ದೊಡ್ಡದು. ಹಾಗಾಗಿ ವಾರಕ್ಕೆರಡು ದಿನ ಕಾರವಾರದ ಆಸ್ಪತ್ರೆಯಲ್ಲಿ ಚುಚ್ಚಿಸಿಕೊಳ್ಳುತ್ತಿದ್ದೆ. ಸರದಿ ಬರುವವರೆಗೆ ನಿಲ್ಲಲು ಕಾಲಿಗೆ ಆಗುತ್ತಿರಲಿಲ್ಲ. ಆ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಯಾವಾಗಲೂ ಖಾಲಿ ಇರುತ್ತಿದ್ದ ಬೆಂಚು ಒಂದೇ. ಅಲ್ಲಿ ಕೂರುತ್ತಿದ್ದೆ. ಅದರ ಹಿಂದಿನ ಬಾಗಿಲಿಗೆ ಏಡ್ಸ್ ರಕ್ತಪರೀಕ್ಷೆ, ಆಪ್ತಸಮಾಲೋಚನೆ ಎಂದು ಬೋರ್ಡು ಹಾಕಿತ್ತು. ಬೆಂಚು ಯಾಕೆ ಖಾಲಿ ಇರುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು ತನ್ನ ತಾಯಿಯ ಕಣ್ಣು ತೋರಿಸಲು ಆಸ್ಪತ್ರೆಗೆ ಬಂದಿದ್ದಾಗ ನನ್ನನ್ನು ಅಲ್ಲಿ ಕಂಡ. ಮಾತಾಡಿಸದೆ ಹೋದ. ಮರುವಾರ ಕಚೇರಿಯ ಚಹಾದವನು ಎಲ್ಲರಿಗೂ ಗಾಜಿನ ಲೋಟದಲ್ಲಿ ಕೊಟ್ಟು ನನಗೆ ಪ್ಲಾಸ್ಟಿಕ್ ಲೋಟ ಕೊಟ್ಟ. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವನು ಅಂಕೋಲೆಯ ನನ್ನ ಕ್ಷೌರಿಕ. ಕುರ್ಚಿಯಲ್ಲಿ ಕೂತವನಿಗೆ ಬಟ್ಟೆ ಹೊದೆಸದೆ ಕೈ ಹಿಸುಕಿಕೊಳ್ಳುತ್ತ ನಿಂತ.

"ಬೇಜಾರ ಮಾಡ್ಕಬೇಡಿ ಮಾರಾಯ್ರೆ. ಬ್ಲೇಡು, ವಸ್ತ್ರ ಎಲ್ಲ ನೀವೇ ತಕಂಡು ಬಂದ್ರೆ ಒಳ್ಳೇದು. ಬೇರೆ ಗಿರಾಕಿಗಳು ಬರೂದಿಲ್ಲ ಅಂತಾರೆ."

"ಎಂತಕ್ಕೆ?"

"ನಂಗೆ ಬಾಯಿ ಬಿಟ್ಟು ಹೇಳೂಕೆ ಬಾರದು. ನಿಮ್ಗೇ ಗೊತ್ತಿದ್ದದ್ದಲ್ಲಾ," ಎಂದು ರೇಡಿಯೋ ಜೋರು ಮಾಡಿದ.

ಹೆದ್ದಾರಿಯ ಊರುಗಳಲ್ಲಿ ಆಗ ಗೋಡೆ ಗೋಡೆಗೂ ಕೆಂಪು ರಿಬ್ಬನ್ನಿನ ಚಿತ್ರ ಬರೆಸಿದ್ದರು. ಜೊತೆಯಲ್ಲಿ ಕೂತರೆ ಹರಡುವುದಿಲ್ಲ, ಲೋಟದಿಂದ ಹರಡುವುದಿಲ್ಲ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದೇ ಗೋಡೆಗೆ ಬೆನ್ನು ಕೊಟ್ಟು ಬಸ್ಸಿಗೆ ಕಾಯುವ ಜನ ನನ್ನನ್ನು ಕಂಡು ಎರಡು ಹೆಜ್ಜೆ ಸರಿಯುತ್ತಿದ್ದರು. ಇಲ್ಲದ ಕಾಯಿಲೆಗೆ ನನಗೆ ಇಷ್ಟು ಮಾಡಿದ ಊರು, ನಿಜಕ್ಕೂ ಇದ್ದವನಿಗೆ ಏನು ಮಾಡುತ್ತಿತ್ತೋ. ಈ ಜನರ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದು ನನಗೆ ಅನಿಸುವುದಿಲ್ಲ.

ಆದರೆ ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ಆ ದಿನಗಳಲ್ಲಿ ಸಿಟ್ಟಿನ ಜೊತೆಗೆ ಒಂದು ಖುಷಿಯೂ ಆಯಿತು. ಮೀನು ಪೇಟೆಯಲ್ಲಿ ಜನ ದಾರಿ ಬಿಟ್ಟರು. ಎರಡು ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಚಿಲ್ಲರೆಯನ್ನು ಸೀಟಿನ ಮೇಲಿಟ್ಟು ಕಣ್ಣು ತಪ್ಪಿಸಿದ. ಭಾವ ಕುರ್ಚಿಯ ಕತೆ ಹೇಳುವುದನ್ನು ನಿಲ್ಲಿಸಿದ. ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಕಂಡು ಯಾರೂ ನಗುತ್ತಿರಲಿಲ್ಲ, ಹೆದರುತ್ತಿದ್ದರು. ಸತ್ಯ ಹೇಳಲು ಒಂದು ನಿಮಿಷ ಸಾಕಾಗಿತ್ತು. ಹೇಳಲಿಲ್ಲ. ಹೆದರಲಿ ಬಿಡು ಎಂದುಕೊಂಡೆ.

ಆ ಖುಷಿಯ ಬೆಲೆ ತೆತ್ತವಳು ಹೆಂಡತಿ. ನೆರೆಮನೆಯವರು ಅವಳನ್ನು ಬಾವಿಕಟ್ಟೆಗೆ ಕರೆಯುವುದು ಬಿಟ್ಟರು. ಹೂವಿನವಳು ಮಾಲೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಹೆಂಡತಿ ಯಾರಿಗೂ ಹೇಳದೆ ಒಬ್ಬಳೇ ಕಾರವಾರಕ್ಕೆ ಹೋಗಿ ಅದೇ ಬೆಂಚಿನ ಮೇಲೆ ಕೂತು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಳು. ಏನೂ ಇಲ್ಲವೆಂಬ ಚೀಟಿಯನ್ನು ತಾಯಿಗೆ ತೋರಿಸಿದಳು. ತಾಯಿ ಅದನ್ನು ಮುಟ್ಟಲಿಲ್ಲ.

"ಈಗ ಕಾಣೂದಿಲ್ವಂತೆ. ಮೂರು ತಿಂಗ್ಳ ಬಿಟ್ಟು ಮತ್ತೊಂದು ಸಲ ನೋಡ್ಬೇಕಂತೆ. ಟಿವಿಯಲ್ಲಿ ಹೇಳಿದ್ರು," ಎಂದಳಂತೆ.

ಅವತ್ತು ಹೆಂಡತಿ ಮನೆಗೆ ಬಂದು ನನ್ನ ಮುಂದೆ ನಿಂತಳು. "ಆಣೆ ವಾಪಸ್ ತಕ್ಕಳಿ. ನಾನು ಹೇಳ್ತೆ. ಅವ್ವ ನನ್ನ ಚೊಂಬು ಬೇರೆ ಇಟ್ಟದೆ."

"ನೀನು ಹೇಳು, ನಿನ್ನಣ್ಣ ಕಾಲೆತ್ತಿ ಕುಣೀಲಿ," ಎಂದೆ.

"ಕುಣದ್ರೆ ಕುಣೀಲಿ. ನಿಮ್ಗೆ ಎಂತಾ ಹೋತದೆ?"

ನಾನು ಗೋಡೆಗೆ ತಿರುಗಿ ಮಲಗಿದೆ. ಅವಳೇ ಆಣೆ ಮುರಿಯಬಹುದಿತ್ತಲ್ಲ ಎಂದು ಕೇಳಿದರೆ, ಕೇಳುವವರಿಗೆ ನಮ್ಮ ಹೆಂಗಸರು ಗೊತ್ತಿಲ್ಲ. ತಲೆ ಮುಟ್ಟಿ ಹಾಕಿದ ಆಣೆ ಮುರಿದರೆ ಕೇಡು ಆ ತಲೆಗೆ. ದಿನಕ್ಕೆ ನಾಲ್ಕು ಸಲ ವಾಂತಿ ಮಾಡಿಕೊಂಡು ಗೋಡೆ ಹಿಡಿದು ನಡೆಯುವವನ ತಲೆಗೆ ಅವಳು ಕೇಡು ತರುವವಳಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಲಗಿದೆ.

ಮಳೆ ಕಡಿಮೆಯಾಗಿ ಗದ್ದೆಯಲ್ಲಿ ತೆನೆ ಬಂದಾಗ ಅವಳ ತವರಿನಿಂದ ಹೊಸ್ತಿಗೆ ಕರೆ ಬಂತು. ಹೊಸ ಅಕ್ಕಿಯ ಮೊದಲ ಊಟ ಅದು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಉಣ್ಣುವುದಿಲ್ಲ, ಅದಕ್ಕೆ ಕರೆದರು. ಅಷ್ಟು ಹೊತ್ತಿಗೆ ನಾಲ್ಕನೆಯ ಬಲೂನು ಕೆಲಸ ಮಾಡಿ ನಾಲ್ಕು ಚಮಚ ಮೆತ್ತನೆಯ ಅನ್ನ ನನ್ನ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಹೋದೆವು. ಒಳಗಿನ ನಡುಮನೆಯಲ್ಲಿ ಇಪ್ಪತ್ತು ಎಲೆಗಳ ಸಾಲು. ಭಾವ ಬಾಗಿಲಲ್ಲೇ ತಡೆದ.

"ಭಾವಾ, ನೀವಿಬ್ರೂ ಜಗಲಿ ಮೇಲೇ ಕೂತ್ಕಳಿ. ಒಳಗೆ ಸೆಕೆ ಅದೆ."

ಜಗಲಿಯಲ್ಲಿ ಎರಡು ಎಲೆ ಮೊದಲೇ ಹಾಸಿಟ್ಟಿದ್ದರು. ನೀರಿಗೆ ಪ್ಲಾಸ್ಟಿಕ್ ಲೋಟ. ನನಗೆ ಬೇಸರವಾಗಲಿಲ್ಲ. ಸಾಲಿನಲ್ಲಿ ಕೂತರೆ ಯಾಕೆ ಉಣ್ಣುವುದಿಲ್ಲ ಎಂದು ಪೀಡಿಸುತ್ತಾರೆ, ಪಾಯಸ ಸುರಿಯುತ್ತಾರೆ. ಸಿಹಿ ಒಂದು ಗುಟುಕು ಹೋದರೂ ನನಗೆ ಬೆವರಿಳಿದು ಎದೆ ಹೊಡೆದುಕೊಂಡು ಮಲಗಬೇಕಾಗುತ್ತಿತ್ತು. ಇಲ್ಲಿ ಗಾಳಿಯೂ ಇದೆ, ಕೇಳುವವರೂ ಇಲ್ಲ ಎಂದು ಕೂತೆ.

ಆ ಮನೆಯಲ್ಲಿ ಒಂದು ಕ್ರಮ ಇತ್ತು. ಹೊಸ ಅಕ್ಕಿಯ ಅನ್ನಕ್ಕೆ ಕೈ ಹಾಕುವ ಮೊದಲು ಪ್ರತಿಯೊಬ್ಬರೂ ಹಿರಿಯರಿಗೆ "ಹೊಸ್ತು ಉಣ್ತೆ" ಎನ್ನಬೇಕು. ಹಿರಿಯರು "ಉಣ್ಣು" ಎಂದ ಮೇಲೆಯೇ ತುತ್ತು. ಅಲ್ಲಿಗೆ ಹಿರಿಯಳು ನನ್ನ ಅತ್ತೆ. ಒಳಗೆ ಒಬ್ಬೊಬ್ಬರದೇ ಧ್ವನಿ ಕೇಳುತ್ತಿತ್ತು, ಅತ್ತೆಯ "ಉಣ್ಣು, ಉಣ್ಣು" ಕೇಳುತ್ತಿತ್ತು. ಎಲ್ಲರದೂ ಮುಗಿಯಿತು.

ಹೆಂಡತಿ ಜಗಲಿಯಿಂದ ಕೂಗಿದಳು. "ಅವ್ವಾ, ಹೊಸ್ತು ಉಣ್ತೆ."

ಒಳಗಿನಿಂದ ಮಾತಿಲ್ಲ. ಅತ್ತೆ ಬಾಗಿಲಿಗೆ ಅಡ್ಡಲಾಗಿಯೇ ಸೌಟು ಹಿಡಿದು ನಿಂತಿದ್ದಳು, ಬೆನ್ನು ಕಾಣುತ್ತಿತ್ತು.

"ಅವ್ವಾ, ನಾನು ಹೊಸ್ತು ಉಣ್ತೆ."

ಬೆನ್ನು ತಿರುಗಲಿಲ್ಲ. ಅತ್ತೆಗೆ ಕೇಳಿಸಿತ್ತು, ಅವಳ ಸೌಟು ಒಂದು ಗಳಿಗೆ ನಿಂತು ಮತ್ತೆ ಆಡಿತು. ಹೆಂಡತಿಯ ಕೈ ಎಲೆಯ ಮೇಲೆ, ಅನ್ನದಿಂದ ನಾಲ್ಕು ಬೆರಳು ಎತ್ತರದಲ್ಲಿ, ಹಾಗೇ ಇತ್ತು. ಅವಳು ಮೂರನೆಯ ಸಲ ಕೂಗಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಎಂಟು ತಿಂಗಳು ನನ್ನ ವಾಂತಿ ಬಳಿದ ಕೈ ಅದು. ಬದುಕಿನಲ್ಲಿ ನನಗೆ ಅಷ್ಟು ನಾಚಿಕೆ, ಕುರ್ಚಿ ಮುರಿದ ದಿನವೂ ಆಗಿರಲಿಲ್ಲ.

ಎದ್ದೆ. ಜೋಮು ಹಿಡಿದ ಕಾಲು ಹೊಸ್ತಿಲಿಗೆ ಎಡವಿತು, ಬಾಗಿಲು ಹಿಡಿದು ಒಳಗೆ ಹೋದೆ. ಸಾಲಿನವರು ಎಲೆ ಎಳೆದುಕೊಂಡರು. ನಾನು ಅಂಗಿ ಎತ್ತಿ ಹೊಟ್ಟೆ ತೋರಿಸಿದೆ.

"ನಂಗೆ ಆ ಕಾಯಿಲೆ ಇಲ್ಲ. ದಪ್ಪ ಇಳಿಸೂಕೆ ಅಂತ ಮುಂಬೈಗೆ ಹೋಗಿ ಹೊಟ್ಟೆ ಕೊಯ್ಸ್ಕಂಡು ಬಂದೆ. ಅದು ಕೆಟ್ಟು ಕೂತದೆ. ಅದ್ಕೇ ವಾಂತಿ, ಅದ್ಕೇ ಕಾಲು ಹಿಂಗೆ. ಇವ್ಳಿಗೆ ಎಲ್ಲ ಗೊತ್ತಿತ್ತು, ನಾನೇ ಆಣೆ ಹಾಕ್ಸಿ ಬಾಯಿ ಕಟ್ಟಿದ್ದೆ."

ಭಾವ ನನ್ನ ಐದು ಗುರುತುಗಳನ್ನು ಒಂದೊಂದಾಗಿ ನೋಡಿದ. "ದಪ್ಪ ಇಳಿಸೂಕೆ ಹೊಟ್ಟೆ ಕೊಯ್ಸ್ಕಂಡ್ರಾ? ದುಡ್ಡು ಕೊಟ್ಟು?"

"ಹೌದು."

"ಆ ಕುರ್ಚಿ ಏನಾದ್ರೂ ಗಟ್ಟಿ ಇದ್ದಿದ್ರೆ," ಎಂದು ಶುರು ಮಾಡಿದ.

ಅವನ ಮಾತು ಮುಗಿಯುವ ಮೊದಲೇ ನನ್ನ ಬೆನ್ನ ಹಿಂದೆ ನಗು ಕೇಳಿತು. ಬಾಗಿಲಲ್ಲಿ ನಿಂತು ನಗುತ್ತಿದ್ದವಳು ನನ್ನ ಹೆಂಡತಿ. ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ನಿಲ್ಲಲಿಲ್ಲ, ಕಣ್ಣಿಂದ ನೀರು ಇಳಿಯಿತು, ಗೋಡೆಗೆ ಒರಗಿ ನಕ್ಕಳು. ಆಮೇಲೆ ಇಡೀ ಸಾಲು ನಕ್ಕಿತು. ನಾನು ಅಂಗಿ ಇಳಿಸುವುದನ್ನು ಮರೆತು ನಡುವೆ ನಿಂತಿದ್ದೆ. ಎಂಟು ತಿಂಗಳು ನಾನು ತಪ್ಪಿಸಿಕೊಂಡಿದ್ದ ನಗು ಪೂರ್ತಿಯಾಗಿ ಬಂತು, ಮೈಮೇಲೆ ಬಿಸಿನೀರು ಚೆಲ್ಲಿದ ಹಾಗೆ ಉರಿಯಿತು.

ಅತ್ತೆ ಸೌಟು ಇಟ್ಟು ಮಗಳ ಕಡೆ ತಿರುಗಿದಳು. "ಉಣ್ಣು ಮಗಾ. ಒಳಗೆ ಬಂದು ಉಣ್ಣು."

ಹೆಂಡತಿ ತಾಯಿಯ ಮುಖ ನೋಡಲಿಲ್ಲ. ಜಗಲಿಗೆ ಹೋಗಿ ತನ್ನ ಎಲೆಯೊಂದನ್ನೇ ಎತ್ತಿಕೊಂಡು ಬಂದು ಸಾಲಿನಲ್ಲಿ ಕೂತಳು. ನಾನು ನನ್ನ ಎಲೆ ನಾನೇ ತಂದು ಅವಳ ಎದುರಿಗೆ ಗೋಡೆಯ ಬದಿಯಲ್ಲಿ ಕೂತೆ. ಅತ್ತೆ ನನಗೂ "ಉಣ್ಣಿ" ಎಂದಳು. ಆ ಮಾತು ನನಗೆ ಬೇಕಾಗಿರಲಿಲ್ಲ.

ಹೆಂಡತಿ ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಚಿಕ್ಕವರನ್ನು ಕೇಳುವ ಕ್ರಮ ಆ ಮನೆಯಲ್ಲಿ ಇಲ್ಲ, ನನಗೆ ಗೊತ್ತಿರುವ ಯಾವ ಮನೆಯಲ್ಲೂ ಇಲ್ಲ. ಆದರೂ ಎಲ್ಲರಿಗೂ ಕೇಳುವಂತೆ ಅವಳಿಗೆ ಹೇಳಿದೆ.

"ಹೊಸ್ತು ಉಣ್ತೆ."

ಅವಳು ತಲೆ ಎತ್ತದೆ ಉಣ್ಣುತ್ತಿದ್ದಳು. ನಾನು ಎಲೆಗೆ ಕೈ ಹಾಕದೆ ಕೂತೆ.